ತಿನ್ನದವಳು ಹುರಿದ ಕೋಳಿ

ನಮ್ಮ ಮನೆಯಲ್ಲಿ ವಾರದ ಉಳಿದ ದಿನಗಳು ಎಲ್ಲರ ಮನೆಯ ಹಾಗೇ ಕಳೆಯುತ್ತವೆ. ಭಾನುವಾರ ಮಾತ್ರ ಏನಾದರೊಂದು ಫಜೀತಿ ಆಗದೆ ಸಂಜೆಯಾಗುವುದಿಲ್ಲ. ಕಾರಣ ಇಷ್ಟೆ: ಭಾನುವಾರ ನಮ್ಮಲ್ಲಿ ಕೋಳಿ ಹುರಿಯುತ್ತಾರೆ, ಹುರಿಯುವವಳು ನಾನು, ಮತ್ತು ನಾನು ಹುಟ್ಟಿದಾಗಿನಿಂದ ಕೋಳಿಯ ಒಂದು ಎಳೆಯನ್ನೂ ಬಾಯಿಗೆ ಇಟ್ಟವಳಲ್ಲ.

ನನ್ನ ತವರು ಚಿಕ್ಕಮಗಳೂರು. ಪೇಟೆಯಲ್ಲಿ ಅಪ್ಪಾಜಿಯದು ಕಾಳುಮೆಣಸು, ಏಲಕ್ಕಿ, ಧನಿಯಾದ ವ್ಯಾಪಾರ. ಹಣೆಗೆ ವಿಭೂತಿ ಇಡದೆ ಯಾರೂ ನೀರು ಮುಟ್ಟದ ಮನೆ. ಅಲ್ಲಿ ಮೊಟ್ಟೆಯ ಹೆಸರು ಬರುತ್ತಿದ್ದುದು ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಒಗಟಿನಲ್ಲಿ ಮಾತ್ರ. ಅಂಥ ಮನೆಯಿಂದ ಹೊರಟ ನಾನು, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟವರನ್ನೇ ಮೆಚ್ಚಿ ಮದುವೆಯಾಗಿ, ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟಿನ ರೈಟರ್ ಕ್ವಾರ್ಟರ್ಸಿಗೆ ಬಂದೆ. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ನಾನು ಪಕ್ಕದ ಊರಿನ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ.

ಬಂದ ಹೊಸದರಲ್ಲಿ ಕೋಳಿಯ ಕೆಲಸವೆಲ್ಲ ಅತ್ತೆಯದೇ. ನಾನು ಅತ್ತ ತಲೆಯೂ ಹಾಕುತ್ತಿರಲಿಲ್ಲ, ಅವರೂ ಕರೆಯುತ್ತಿರಲಿಲ್ಲ. ಆಮೇಲೆ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹೊಗೆಯ ಹತ್ತಿರ ಹೋಗಬೇಡಿ ಎಂದರು ಡಾಕ್ಟರು. ನಮ್ಮವರಿಗೆ ಒಲೆ ಹಚ್ಚಲೂ ಬರುವುದಿಲ್ಲ. ಅತ್ತೆಗೆ ಕೋಳಿಯಿಲ್ಲದ ಭಾನುವಾರ ಭಾನುವಾರವೇ ಅಲ್ಲ. ಬಾಯಿಬಿಟ್ಟು ಕೇಳದೆ ಕಿಟಕಿಯ ಕಡೆ ನೋಡುತ್ತ ಕೂತಿದ್ದವರನ್ನು ನೋಡಿ ನನಗೇ ಪಾಪ ಅನ್ನಿಸಿ, "ನಾನು ಮಾಡ್ತೀನಿ ಅತ್ತೆ, ನೀವು ಹೇಳಿಕೊಡಿ" ಎಂದೆ. ಅತ್ತೆಯ ಕಣ್ಣು ಸರಿಹೋಗಿ ಈಗ ಎಷ್ಟೋ ಕಾಲವಾಯಿತು. ಸೂಜಿಗೆ ದಾರ ಅವರೇ ಪೋಣಿಸುತ್ತಾರೆ. ಕೋಳಿ ಮಾತ್ರ ನನಗೇ ಉಳಿಯಿತು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಮದುವೆಗೆ ಅಪ್ಪಾಜಿ ಒಪ್ಪಿದ್ದರು, ಆದರೆ ಒಂದು ಷರತ್ತಿನ ಮೇಲೆ. "ನಿನ್ನ ಮನೆಗೆ ಬರ್ತೀನಿ ಮಗಾ, ನೋಡ್ಕೊಂಡು ಹೋಗ್ತೀನಿ. ಅಲ್ಲಿ ಊಟ ಮಾಡಿ ಅಂತ ಮಾತ್ರ ನನ್ನ ಕೇಳಬೇಡ" ಎಂದಿದ್ದರು. ಅವರು ನನ್ನ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು. ನನಗೆ ಇದ್ದ ಆಸೆ ಅದೊಂದೇ. ಒಡವೆ ವಸ್ತ್ರದ ಆಸೆಯಾಗಿದ್ದರೆ ಹೇಗೋ ತೀರಿಸಿಕೊಳ್ಳಬಹುದಿತ್ತು. ಇದಕ್ಕೆ ದಾರಿಯೇ ಕಾಣುತ್ತಿರಲಿಲ್ಲ.

ನೀರು ಬಿಟ್ಟ ಕೋಳಿ

ನನ್ನ ಮೊದಲ ಭಾನುವಾರ ನಮ್ಮವರು ಕೊಟ್ಟಿಗೆಹಾರದಿಂದ ಕೋಳಿ ತಂದು ಹಿಂದಿನ ಜಗಲಿಯ ಮೇಲಿಟ್ಟು, ತೋಟದಲ್ಲಿ ಕೆಲಸವಿದೆ ಎಂದು ಜಾರಿಕೊಂಡರು. ನಾನು ಎರಡೂ ಕೈಗೆ ಪ್ಲಾಸ್ಟಿಕ್ ಕವರು ಹಾಕಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡು ತೊಳೆಯಲು ಕೂತೆ. ಎಷ್ಟು ತೊಳೆದರೂ ಸಮಾಧಾನವಿಲ್ಲ.

ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆ, "ಸಾಕು ಮಾರಾಯ್ತಿ, ಅದು ಬಟ್ಟೆ ಅಲ್ಲ. ಇನ್ನೊಂದು ಸಲ ತೊಳೆದ್ರೆ ಹಿಂಡಿ ತಂತಿ ಮೇಲೆ ಹಾಕ್ಬೇಕಾಗ್ತದೆ" ಎಂದರು.

ಅರಿಶಿನ, ಉಪ್ಪು, ಶುಂಠಿ ಬೆಳ್ಳುಳ್ಳಿ, ಹಸಿಮೆಣಸು, ಕಾಳುಮೆಣಸು ಎಂದು ಹಾಕಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ನೀರು ಒಂದು ಹನೀನೂ ಹಾಕ್ಬೇಡ, ಹುರುಕಲು ಅಂದ್ರೆ ಹುರುಕಲೇ" ಎಂದು ಎಚ್ಚರಿಸಿ, ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಲು ಒಳಗೆ ಹೋಗಿ ಮಲಗಿದರು.

ನಾನು ಕಬ್ಬಿಣದ ಬಾಣಲೆಗೆ ಎಲ್ಲವನ್ನೂ ಹಾಕಿ ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದೆ. ಒಳಗೆ ನೀರೋ ನೀರು. ತುಂಡುಗಳು ಅದರಲ್ಲಿ ಈಜುತ್ತಿವೆ. ನಾನು ಒಂದು ಹನಿ ಹಾಕಿಲ್ಲ! ಅಂಗಡಿಯವನ ಮಗಳಾಗಿ ಹುಟ್ಟಿದವಳು ನಾನು, ಕಲಬೆರಕೆ ಗೊತ್ತಾಗುವುದಿಲ್ಲವೇ? ಕೂಡಲೇ ಒಲೆ ಆರಿಸಿ ನಮ್ಮವರಿಗೆ ಫೋನ್ ಮಾಡಿದೆ.

"ರೀ, ಮೋಸ ಆಗಿದೆ. ಆ ಅಂಗಡಿಯವನು ತೂಕ ಬರ್ಲಿ ಅಂತ ಕೋಳಿಗೆ ನೀರು ತುಂಬಿದಾನೆ. ಬಾಣಲೆ ತುಂಬಾ ನೀರು ನಿಂತಿದೆ."

"ಹಾಲಿಗೆ ನೀರು ಹಾಕೋದು ಗೊತ್ತಿತ್ತು. ಈಗ ಕೋಳಿಗೂ ಶುರು ಮಾಡಿದ್ರಾ?" ಎಂದು ನಮ್ಮವರು ಬೈಕು ತಿರುಗಿಸಿದರು. ಹುಟ್ಟಿದಾಗಿನಿಂದ ಕೋಳಿ ತಿಂದ ಮನುಷ್ಯ. ಅದು ಒಲೆಯ ಮೇಲಿರುವಾಗ ಮಾತ್ರ ಒಂದು ದಿನವೂ ಇಣುಕಿ ನೋಡಿದವರಲ್ಲ.

ಭಾನುವಾರದ ಬೆಳಗ್ಗೆ ಅಂಗಡಿಯ ಮುಂದೆ ಜನವೋ ಜನ. ಅವರೆಲ್ಲರ ಎದುರು ನಮ್ಮವರು ಗಂಟಲು ಏರಿಸಿ ನ್ಯಾಯ ಕೇಳಿದ್ದಾರೆ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, ಕತ್ತಿ ಕೆಳಗಿಟ್ಟು, ಸಮಾಧಾನದಿಂದ ಹೇಳಿದನಂತೆ:

"ರೈಟ್ರೇ, ಒಲೆ ಮೇಲಿಟ್ರೆ ಎಲ್ಲಾ ಕೋಳಿನೂ ನೀರು ಬಿಡ್ತದೆ. ಬಿಡದೇ ಇರೋದು ಬೇಕಾದ್ರೆ ಆಚೆ ಫ್ಯಾನ್ಸಿ ಸ್ಟೋರಿಗೆ ಹೋಗಿ. ಕೀ ಕೊಟ್ರೆ ಕುಣಿಯೋದೂ ಸಿಗ್ತದೆ."

ಉಪ್ಪು ನೋಡುವವರು

ಬೇಯಿಸುವುದು ಹೇಗೋ ಕಲಿತೆ. ಕಷ್ಟವಾದದ್ದು ಉಪ್ಪು. ತಿನ್ನದವಳಿಗೆ ಉಪ್ಪು ಸರಿಯಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ?

ನಮ್ಮವರನ್ನು ಕೇಳಿ ಪ್ರಯೋಜನವಿಲ್ಲ. ಏನು ಬಡಿಸಿದರೂ "ಚೆನ್ನಾಗಿದೆ" ಎನ್ನುತ್ತಾರೆ. ಒಂದು ಸಲ ಉಪ್ಪು ಹಾಕುವುದನ್ನೇ ಮರೆತಿದ್ದೆ, ಅದೂ ಚೆನ್ನಾಗಿತ್ತು. ಮರುವಾರ ಎರಡು ಸಲ ಹಾಕಿದ್ದೆ, ಅದೂ ಚೆನ್ನಾಗಿತ್ತು, ನೀರು ಮಾತ್ರ ಒಂದು ಕೊಡ ಕುಡಿದರು.

ಕೋಳಿ ಒಲೆಯ ಮೇಲಿರುವಾಗ ಅತ್ತೆ ರುಚಿ ನೋಡುವವರಲ್ಲ. ತೀರಿಹೋದ ಮಾವನವರಿಗೆ ಕೋಳಿ ಎಂದರೆ ಪ್ರಾಣ. ಅವರ ಫೋಟೋದ ಮುಂದೆ ಒಂದು ತುಂಡು ಇಟ್ಟ ಮೇಲೆಯೇ ಅತ್ತೆ ಬಾಯಿಗೆ ಇಡುವುದು. "ಅವ್ರು ಇದ್ದಾಗ್ಲೇ ಮೊದ್ಲು ತಿಂದಿಲ್ಲ, ಈಗ ತಿಂತೀನಾ?" ಎನ್ನುತ್ತಾರೆ. ಮಾವನವರಂತೂ ಫೋಟೋದೊಳಗಿಂದ ಉಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ.

ಕೊನೆಗೆ ಅತ್ತೆಯೇ ಒಂದು ಉಪಾಯ ಹೇಳಿದರು. ಹಿತ್ತಲಿನ ಆಚೆ ಮನೆಯಲ್ಲಿ ರಿಟೈರಾದ ಡ್ರಿಲ್ ಮಾಸ್ಟರು ಇದ್ದಾರೆ, ಅವರನ್ನು ಕರೆ ಎಂದು. "ಮನೆಯವ್ರು ಮೊದ್ಲು ತಿಂದ್ರೆ ಎಂಜಲು. ಹೊರಗಿನವ್ರು ತಿಂದ್ರೆ ಅತಿಥಿ ಸತ್ಕಾರ, ತಪ್ಪಿಲ್ಲ" ಎಂದು ಅವರೇ ಧರ್ಮಸೂಕ್ಷ್ಮವನ್ನೂ ಬಿಡಿಸಿದರು.

ನಾನು ಹಿತ್ತಲಿನಿಂದ "ಮಾಸ್ಟ್ರೇ" ಎಂದು ಕೂಗಿದರೆ ಸಾಕು, ಅವರು ತಟ್ಟೆ ಹಿಡಿದುಕೊಂಡೇ ಬರುತ್ತಿದ್ದರು. ಮೊದಲ ತುಂಡು ತಿಂದು ಕಣ್ಣು ಮುಚ್ಚುತ್ತಾರೆ. "ಇದ್ರಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲಮ್ಮ, ಕಾಲಿನ ಪೀಸಲ್ಲಿ ನೋಡ್ತೀನಿ." ಕಾಲು ಆದ ಮೇಲೆ, "ಎದೆ ಭಾಗಕ್ಕೆ ಉಪ್ಪು ಹಿಡಿಯೋದು ಕಷ್ಟ, ಅದನ್ನೂ ನೋಡ್ಬಿಡೋಣ." ಹೀಗೆ ಕೋಳಿಯ ಮೈಯೆಲ್ಲ ತಪಾಸಣೆ ಮಾಡಿ, ಕೈ ಒರೆಸಿಕೊಂಡು ಹೇಳುತ್ತಿದ್ದದ್ದು ಒಂದೇ: "ಉಪ್ಪು ಒಂಚೂರು ಜಾಸ್ತಿ. ಮುಂದಿನ ವಾರ ಕಮ್ಮಿ ಮಾಡು."

ಹೇಳಿದ ಮಾತು ಕೇಳುವ ಹುಡುಗಿ ನಾನು. ವಾರ ವಾರ ಕಡಿಮೆ ಮಾಡುತ್ತ ಬಂದೆ. ಅವರು ವಾರ ವಾರ ಜಾಸ್ತಿ ಎನ್ನುತ್ತಲೇ ಹೋದರು. ಅತ್ತೆ ತಟ್ಟೆಯ ಮುಂದೆ ಸಪ್ಪಗೆ ಕೂತು ಉಪ್ಪಿನಕಾಯಿ ಭರಣಿ ತರಿಸಿಕೊಳ್ಳುವುದು ಶುರುವಾಯಿತು. ನಮ್ಮವರು "ಚೆನ್ನಾಗಿದೆ" ಎನ್ನುತ್ತಲೇ ಇದ್ದರು.

ಗುಟ್ಟು ಹೊರಬಿದ್ದದ್ದು ಮಾಸ್ಟರ ಹೆಂಡತಿ ಹಾಲು ಕೇಳಿಕೊಂಡು ಬಂದ ದಿನ. ಮಾತಿಗೆ ಮಾತು ಬಂದು ಆಕೆ ಹೇಳಿದರು: "ಎಂತ ಮಾಡದು ಹೇಳಿ ಟೀಚ್ರೇ. ಇವ್ರಿಗೆ ಬಿಪಿ ಅಂತ ನಾನು ಅಡುಗೆಗೆ ಉಪ್ಪು ಮುಟ್ಟಿಸೋದೇ ಬಿಟ್ಟಿದೀನಿ. ಬಾಯಿಗೆ ಉಪ್ಪಿನ ಹೆಸರೇ ಮರೆತು ಹೋಗಿದೆ. ಆದ್ರೂ ಸೋಮವಾರ ಬಂತು ಅಂದ್ರೆ ಬಿಪಿ ಏರಿರ್ತದೆ! ಡಾಕ್ಟ್ರೇ ತಲೆ ಕೆರ್ಕೊಂಡು ಕೂತಿದಾರೆ, ಇದು ಯಾವ ಥರದ ಬಿಪಿ ಅಂತ."

ಮಾತಾಡದ ಕೋಳಿ

ಆಮೇಲೆ ನಾನು ಯಾರನ್ನೂ ನಂಬದೆ, ಉಪ್ಪಿಗೆ ಒಂದು ಚಮಚ ಗೊತ್ತುಮಾಡಿಕೊಂಡು, ಉಳಿದದ್ದಕ್ಕೆಲ್ಲ ಕಿವಿಯನ್ನು ನಂಬಿದೆ. ನೀರು ಇರುವಾಗ ಕೋಳಿ ಕೊತಕೊತ ಎನ್ನುತ್ತದೆ. ನೀರು ಇಂಗಿದ ಮೇಲೆ ಚಟಚಟ. ಬಣ್ಣ ತಿರುಗುವ ಹೊತ್ತಿಗೆ ಸಣ್ಣಗೆ ಚುಂಯ್ ಎಂದು ರಾಗ ಎಳೆಯುತ್ತದೆ. ಆಗ ಇಳಿಸಿದರೆ ಸರಿ.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ತಪ್ಪಾಯಿತು. ಹೊಸದಾಗಿ ಬಂದಿದ್ದ, ಆಗಷ್ಟೇ ಮದುವೆಯಾಗಿದ್ದ ಟೀಚರೊಬ್ಬಳು ಬಾಯಿ ತೆರೆದು ಕೇಳಿಸಿಕೊಂಡಳು. ಅವಳ ಮನೆಗೆ ನಾದಿನಿ ಬರುವವಳಿದ್ದಳಂತೆ. ಭಾನುವಾರ ನಾನು ನನ್ನ ಬಾಣಲೆಯ ಮುಂದೆ ಇರುವಾಗಲೇ ಅವಳ ಫೋನ್ ಬಂತು.

"ಅಕ್ಕಾ, ನಮ್ಮ ಕೋಳಿ ಮಾತಾಡ್ತಾ ಇಲ್ಲ."

"ಸ್ವಲ್ಪ ಹೊತ್ತು ಬಿಡು, ಕೊತಕೊತ ಅನ್ನುತ್ತೆ."

ಮತ್ತೆ ಫೋನ್. "ಇನ್ನೂ ಮೌನ ಅಕ್ಕಾ. ನಾದಿನಿ ನಡುಮನೇಲಿ ಕೂತು ಗಡಿಯಾರ ನೋಡ್ತಿದಾಳೆ. ಕಿವಿ ಹತ್ರ ಇಟ್ಟು ಕೇಳಿದೆ, ಏನೂ ಇಲ್ಲ."

ನನಗೂ ಗಾಬರಿ. ಎಣ್ಣೆ ಎಷ್ಟು ಹಾಕಿದೆ, ಬಾಣಲೆ ಯಾವುದು, ಕೋಳಿ ಯಾವ ಅಂಗಡಿಯದು ಎಂದೆಲ್ಲ ವಿಚಾರಿಸಿದೆ. ಎಲ್ಲ ಸರಿಯಾಗಿಯೇ ಇದೆ. ಬೇರೇನೂ ತೋಚದೆ, "ಉರಿ ಎಷ್ಟಿಟ್ಟಿದೀಯಾ?" ಎಂದೆ.

ಆ ಕಡೆ ಬಾಣಲೆ ಸರಿಸಿದ ಸದ್ದು. ಆಮೇಲೆ ಪಿಸುಮಾತು: "ಅಕ್ಕಾ, ಉರಿ ಹಚ್ಚಬೇಕು ಅಂತ ನೀವು ಹೇಳಿರಲಿಲ್ಲ."

ಬೀಗರ ಡಬ್ಬಿ

ಈಗ ಅಪ್ಪಾಜಿಯ ವಿಷಯ. ಅವರು ಮೆಣಸು ನೋಡಲು ನಮ್ಮ ಕಡೆಯ ತೋಟಗಳಿಗೆ ಆಗಾಗ ಬರುತ್ತಿದ್ದರು. ಬಂದಾಗ ನಮ್ಮ ಮನೆಗೂ ತಪ್ಪದೆ ಬರುತ್ತಿದ್ದರು. ಕಾರಿನಿಂದ ಇಳಿಯುವಾಗಲೇ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಚಪಾತಿಯ ಡಬ್ಬಿ. ಮುಂದಿನ ಜಗಲಿಯಲ್ಲಿ ಕೂತು ಎಲ್ಲರ ಕ್ಷೇಮ ಕೇಳಿ, ಊಟದ ಹೊತ್ತಿಗೆ ಕಾರಿಗೆ ಹೋಗಿ ಬಾಗಿಲು ಹಾಕಿಕೊಂಡು ಉಂಡು, ಬಾಯಿ ಒರೆಸಿಕೊಂಡು ಬಂದು ಮತ್ತೆ ಮಾತು ಮುಂದುವರಿಸುತ್ತಿದ್ದರು. ಒಳಗೆ ಕೂತು ನನಗೆ ಅಳು ಬರುತ್ತಿತ್ತು.

ಅಮ್ಮ ಹಾಗಲ್ಲ. ಬಂದಾಗಲೆಲ್ಲ ನನ್ನ ಅಡುಗೆಮನೆಯಲ್ಲೇ ಕೂತು ರೊಟ್ಟಿ ತಿನ್ನುತ್ತಾಳೆ, "ನಿಮ್ಮಪ್ಪಂಗೆ ಹೇಳಬೇಡ" ಎಂದು ಬಾಯಿ ತೊಳೆದುಕೊಳ್ಳುತ್ತಾಳೆ. ಹೀಗಾಗಿ ತವರಿನಲ್ಲಿ ನನ್ನ ಮನೆಯ ಅಡುಗೆಯ ಮಾತನ್ನು ಯಾರೂ ಎತ್ತುವಂತಿರಲಿಲ್ಲ.

ಅತ್ತೆಗೆ ನನ್ನ ಸಂಕಟ ಗೊತ್ತಾಗಿ, ಕೋಳಿಯ ಬಾಣಲೆ, ಸೌಟು, ಒಲೆ ಎಲ್ಲವನ್ನೂ ಹಿಂದಿನ ಜಗಲಿಗೆ ಸಾಗಿಸಿದರು. ಒಳಗಿನ ಅಡುಗೆಮನೆಗೆ ಕೋಳಿಯ ಗಾಳಿಯೂ ಸೋಕದ ಹಾಗೆ ಮಾಡಿ, "ಇನ್ನು ನಿಮ್ಮಪ್ಪನ್ನ ಕರಿ" ಎಂದರು. ನಾನು ಹೇಳಿದೆ. ಅಪ್ಪಾಜಿ ಕೇಳಿಸಿಕೊಂಡರು, ತಲೆ ಆಡಿಸಿದರು, ಡಬ್ಬಿ ತೆಗೆದುಕೊಂಡು ಕಾರಿಗೆ ಹೋದರು.

ಅತ್ತೆಗೆ ಅವಮಾನವಾಯಿತು. ಮುಂದೆ ತವರಿನಲ್ಲಿ ನನ್ನ ತಮ್ಮನ ಮಗುವಿಗೆ ನಾಮಕರಣ. ಅತ್ತೆ ಹೊರಡುವಾಗ ಒಂದು ದೊಡ್ಡ ಸ್ಟೀಲ್ ಡಬ್ಬಿ ಬ್ಯಾಗಿಗೆ ಹಾಕಿಕೊಂಡರು. ಏನದು ಎಂದರೆ ಬ್ಯಾಗಿನ ಜಿಪ್ ಎಳೆದರು. ಊಟದ ಪಂಕ್ತಿಯಲ್ಲಿ ಸರಿಯಾಗಿ ಅಪ್ಪಾಜಿಯ ಎದುರಿಗೇ ಕೂತು, ಎಲೆಗೆ ಬಡಿಸಲು ಬಂದವರನ್ನು ತಡೆದು, ಡಬ್ಬಿ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ತಪ್ಪು ತಿಳ್ಕೋಬೇಡಿ ಬೀಗರೇ. ನಂದೂ ನಿಮ್ಮ ಥರಾನೇ. ಬೇರೆಯವ್ರ ಮನೇಲಿ ಉಣ್ಣಲ್ಲ, ನಮ್ಮನೇದು ನಾನು ತಂದಿದೀನಿ."

ಡಬ್ಬಿಯಲ್ಲಿ ಏನಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅತ್ತೆ ಮುಚ್ಚಳವನ್ನು ಅರ್ಧ ಮಾತ್ರ ತೆಗೆದು, ಸೆರಗಿನ ಮರೆಯಲ್ಲಿ ಕೈ ಹಾಕಿ, ನಿಧಾನವಾಗಿ ಸವಿದು ಸವಿದು ತಿಂದರು. ಅವರ ಎರಡೂ ಪಕ್ಕದವರು ಎಲೆ ಸಮೇತ ಸರಿದು ಸರಿದು ಕೊನೆಗೆ ಗೋಡೆ ಮುಟ್ಟಿದರು. ಅಪ್ಪಾಜಿ ಆವತ್ತು ಪಾಯಸವನ್ನೂ ಬಿಟ್ಟು ಎದ್ದರು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಸಿಟ್ಟಿನಿಂದ ಡಬ್ಬಿ ಕಿತ್ತುಕೊಂಡು ತೆಗೆದು ನೋಡಿದೆ. ಮೊಸರನ್ನ.

"ಹೇಳಿಬಿಡ್ಬೇಡ ಮಾರಾಯ್ತಿ" ಎಂದರು ಅತ್ತೆ. "ಇನ್ನೊಂದಷ್ಟು ದಿನ ಯೋಚ್ನೆ ಮಾಡ್ಲಿ."

ಅಪ್ಪಾಜಿಯ ಮೂಗು

ಈಗ ಹೇಳುವುದು ಈಚಿನದು. ಆ ಭಾನುವಾರ ನಮ್ಮವರು ತೋಟದಲ್ಲಿದ್ದರು. ನಾನು ಹಿಂದಿನ ಜಗಲಿಯಲ್ಲಿ ಬಾಣಲೆ ಇಟ್ಟು ಎಣ್ಣೆ ಮಸಾಲೆ ಹಾಕಿದ್ದೆ, ಅತ್ತೆ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಷ್ಟರಲ್ಲಿ ಮುಂದೆ ಕಾರು ನಿಂತ ಸದ್ದು. ಅಪ್ಪಾಜಿ! ಪಕ್ಕದ ತೋಟದವರು ಮೆಣಸು ತೋರಿಸಲು ದಿಢೀರನೆ ಕರೆದಿದ್ದರಂತೆ. ಭಾನುವಾರ ಅವರು ನಮ್ಮ ಮನೆಯ ದಿಕ್ಕಿಗೆ ಬಂದವರೇ ಅಲ್ಲ.

ಅವರನ್ನು ಜಗಲಿಯಲ್ಲಿ ಕೂರಿಸಿ, ನಡುಮನೆಯ ಬಾಗಿಲು ಎಳೆದು, ಓಡಿಬಂದೆ. ಆಗಲೇ ಬಾಣಲೆ ಹೊಗೆಯಾಡುತ್ತಿತ್ತು. ಗಾಳಿ ಬೇರೆ ಹಿಂದಿನಿಂದ ಮುಂದಕ್ಕೆ ಬೀಸುತ್ತಿತ್ತು. ಮುಂದಿನ ಜಗಲಿಯಿಂದ ಒಂದು ಕೆಮ್ಮು ಕೇಳಿಸಿತು. ಮತ್ತೊಂದು. ಆಮೇಲೆ ಸಾಲಾಗಿ ಸೀನು.

ಅತ್ತೆ ಗಾಬರಿಯಾದರು. "ಆರ್ಸು ಮಾರಾಯ್ತಿ, ಆರ್ಸು! ಬೀಗರಿಗೆ ವಾಸನೆ ತಡೀತಿಲ್ಲ. ನಮ್ಮನೇಲಿ ವಾಂತಿ ಮಾಡ್ಕೊಂಡ್ರೆ ಜನ್ಮದಲ್ಲಿ ಮತ್ತೆ ಬರ್ತಾರಾ?"

ಕುರ್ಚಿ ಸರಿದ ಸದ್ದಾಯಿತು. ಹೋಯಿತು, ಎದ್ದರು, ಹೊರಟರು ಎಂದುಕೊಂಡೆ. ಇನ್ನು ಈ ಮೆಟ್ಟಿಲನ್ನೂ ಅವರು ಹತ್ತುವುದಿಲ್ಲ. ಆದರೆ ಹೆಜ್ಜೆಯ ಸದ್ದು ಹೊರಗೆ ಹೋಗದೆ ಒಳಗೆ ಬಂತು. ನಡುಮನೆ ದಾಟಿ, ಅಡುಗೆಮನೆ ದಾಟಿ, ಅತ್ತೆಯನ್ನೂ ದಾಟಿ ಹಿಂದಿನ ಜಗಲಿಗೇ ಬಂದು ನಿಂತಿತು. ಅಪ್ಪಾಜಿ ನನ್ನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ಮೂಗಿಗೆ ಟವೆಲ್ ಒತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೇಳಿದರು: "ಯಾವ ಮೆಣಸು ಇದು?"

"ನಿಮ್ಮ ಅಂಗಡೀದೇ ಅಪ್ಪಾಜಿ. ಅಮ್ಮ ಕಳಿಸಿಕೊಡ್ತಾಳಲ್ಲ."

"ನಮ್ಮ ಮೆಣಸಾ? ನಾನು ಕೈಯಲ್ಲಿ ಆರಿಸಿ ತೆಗೆದಿಟ್ಟಿದ್ದು? ಅದನ್ನ ಕಾದ ಎಣ್ಣೆಗೆ ಮೊದಲೇ ಸುರಿದು ಸುಡ್ತಾ ಇದೀಯಾ?" ಟವೆಲನ್ನು ಹೆಗಲಿಗೆ ಎಸೆದುಕೊಂಡರು. "ಮೆಣಸು ಕೊನೇಗೆ ಹಾಕೋದು ಕಣೇ, ಉರಿ ತಗ್ಗಿಸಿ! ಯಾವಾಗಿಂದ ಹೀಗೆ ಮಾಡ್ತಿದೀಯಾ?"

"ಮೊದಲಿಂದ್ಲೂ ಹೀಗೇ."

ಅಪ್ಪಾಜಿ ಹಣೆಗೆ ಕೈ ಹಚ್ಚಿ ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಅತ್ತೆ ಮೆಲ್ಲನೆ, "ಅದಕ್ಕೇ ಕಹಿ ಇರ್ತಿತ್ತಾ? ನಾನು ಈಗಿನ ಫಾರಂ ಕೋಳಿನೇ ಕಹಿ ಅಂತ ತಿಳ್ಕೊಂಡಿದ್ದೆ" ಎಂದರು.

ಅಪ್ಪಾಜಿ ಎದ್ದರು. ಪಂಚೆ ಎತ್ತಿ ಕಟ್ಟಿದರು. "ಬಾಣಲೆ ಇಳಿಸು, ಸುಟ್ಟ ಎಣ್ಣೆ ಚೆಲ್ಲು. ಕೋಳಿ ಹಾಕಿದೀಯಾ ಇನ್ನೂ ಇಲ್ವಾ?"

"ಇನ್ನೂ ಇಲ್ಲ."

"ಸದ್ಯ. ಬೀಗಿತ್ತಿಯವರೇ, ನೀವು ಇಡೀ ಮೆಣಸು ತಗೊಂಡು ಕುಟ್ಟಿ. ತೀರಾ ನುಣ್ಣಗೆ ಬೇಡ, ತರಿ ಇರಲಿ."

ಯಾರ ಮಾತನ್ನೂ ಕೇಳದ ಅತ್ತೆ, ಬೆಳ್ಳುಳ್ಳಿ ಬಿಟ್ಟು ಕುಟ್ಟಾಣಿ ತಂದು ಕುಟ್ಟಲು ಕೂತರು. ಬಾಣಲೆ ತೊಳೆದು ಹೊಸ ಎಣ್ಣೆ ಬಿಟ್ಟು ಕೋಳಿ ಹಾಕಿದ್ದು ನಾನು. ಸೌಟು ಹಿಡಿದದ್ದು ಅಪ್ಪಾಜಿ. ಆದರೆ ಕೋಳಿಯನ್ನು ನೋಡುವಂತಿಲ್ಲವಲ್ಲ, ಅದಕ್ಕೆ ಮುಖವನ್ನು ಪೂರ್ತಿ ಹಿತ್ತಲಿನ ಸೀಬೆ ಮರದ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಬಾಣಲೆಯಲ್ಲಿಟ್ಟು ತಿರುವುತ್ತಿದ್ದರು.

"ಬಣ್ಣ ಎಲ್ಲಿಗೆ ಬಂತು?"

"ಸ್ವಲ್ಪ ಕೆಂಪಾಗಿದೆ."

"ಈಗ ಉರಿ ತಗ್ಗಿಸು. ಬೀಗಿತ್ತಿಯವರೇ, ಮೆಣಸು!"

ಮೆಣಸು ಬಿತ್ತು. ಆ ಘಮಕ್ಕೆ ಆಚೆ ಮನೆಯ ಡ್ರಿಲ್ ಮಾಸ್ಟರು ಕಿಟಕಿಯಲ್ಲಿ ಕಾಣಿಸಿಕೊಂಡು, ಹೆಂಡತಿಯ ಕೂಗಿಗೆ ಮತ್ತೆ ಮಾಯವಾದರು. ಅಪ್ಪಾಜಿ ಸೀಬೆ ಮರಕ್ಕೆ ಮುಗುಳ್ನಕ್ಕು, "ನೋಡಿದ್ಯಾ, ಇದು ಮೆಣಸು" ಎಂದರು. ಆಮೇಲೆ ಸೌಟನ್ನು ನನ್ನ ಕಡೆ ಚಾಚಿದರು. "ಉಪ್ಪು ನೋಡು."

"ನಾನು ನೋಡಲ್ಲ ಅಪ್ಪಾಜಿ."

"ಯಾಕೆ?"

"ನಾನು ತಿನ್ನಲ್ವಲ್ಲ."

ಅವರು ಮರದಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದರು. "ತಿನ್ನಲ್ವಾ?"

"ಇಲ್ಲ."

"ಇಲ್ಲಿಗೆ ಬಂದ ಮೇಲೂ?"

"ಒಂದು ದಿನಾನೂ ಇಲ್ಲ."

ನಂಬಿಕೆ ಬರಲಿಲ್ಲವೋ ಏನೋ, ಅತ್ತೆಯ ಕಡೆ ತಿರುಗಿದರು. ಅತ್ತೆ ಕುಟ್ಟಾಣಿ ಕೆಳಗಿಟ್ಟು, "ಅಯ್ಯೋ ಬೀಗರೇ, ಅವಳು ತಿಂತಿದ್ರೆ ನಮ್ಗೆ ಇಷ್ಟು ವರ್ಷ ಉಪ್ಪು ಸರಿಯಾಗಿ ಸಿಕ್ತಿರಲಿಲ್ವಾ!" ಎಂದರು.

"ಮತ್ತೆ ಯಾಕೆ ಹೇಳಲಿಲ್ಲ ನಂಗೆ?"

"ನೀವು ಯಾವತ್ತೂ ಕೇಳಲಿಲ್ಲ."

ಅಪ್ಪಾಜಿ ಸೌಟಿನ ತುದಿಯನ್ನೇ ನೋಡುತ್ತ ನಿಂತರು. "ಕೇಳೋಕೆ ಹೆದರಿಕೆ ಮಗಾ. ನೀನು ಹೂಂ ಅಂದುಬಿಟ್ರೆ? ನಮ್ಮ ಮನೇಲಿ ನನ್ನ ಜೊತೆ ಕೂತು ಉಣ್ತಿದ್ದ ಹುಡುಗಿ ಇನ್ನಿಲ್ಲ ಅಂತ ಆಗಿಬಿಡುತ್ತಲ್ಲ ಅಂತ. ಕೇಳದೇ ಇದ್ರೆ ಇದೀಯಾ ಅಂತಾದ್ರೂ ಅಂದ್ಕೋಬಹುದಿತ್ತು."

ತಿಂದಿದ್ದರೂ ನಾನು ನಾನೇ ಆಗಿರುತ್ತಿದ್ದೆ ಎಂದು ವಾದ ಮಾಡಬಹುದಿತ್ತು. ಮಾಡಲಿಲ್ಲ. ಇಷ್ಟು ವರ್ಷ ಅವರು ಕಾರಿನಲ್ಲಿ, ನಾನು ಅಡುಗೆಮನೆಯಲ್ಲಿ, ಇಬ್ಬರೂ ಒಂದೇ ದುಃಖವನ್ನು ಬೇರೆ ಬೇರೆ ಕೂತು ಉಂಡಿದ್ದೆವಲ್ಲ ಅನ್ನಿಸಿತು.

ಅಪ್ಪಾಜಿ ಕೈಕಾಲು ತೊಳೆದು, ಅಡುಗೆಮನೆಗೆ ಬಂದು, ತಾವೇ ಮಣೆ ಎಳೆದುಕೊಂಡು ಕೂತರು. "ಹಾಕು, ಏನಿದೆ?" ಎಂದರು. ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇತ್ತು. ಬಡಿಸುವ ಅವಸರದಲ್ಲಿ ಎಣ್ಣೆಗಾಯಿ ಅವರ ಪಂಚೆಯ ಮೇಲೂ ಬಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ತಳ್ಳಿದರು. ನಾನು ಒಲೆಯ ಕಡೆ ತಿರುಗಿಕೊಂಡು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಅತ್ತೆ ಮಾವನವರ ಫೋಟೋಗೆ ಒಂದು ತುಂಡು ಇಟ್ಟು ಬಂದು, ಆಮೇಲೆ ತಾವು ಒಂದು ಬಾಯಿಗೆ ಹಾಕಿಕೊಂಡರು. "ಬೀಗರೇ, ಅವ್ರು ಹೋದ ಮೇಲೆ ನಾನು ಕೋಳಿ ಅಂತ ತಿಂತಿರೋದು ಇವತ್ತೇ" ಎಂದರು. ಅಪ್ಪಾಜಿ ನಾಚಿಕೊಂಡು, "ಎಲ್ಲಾ ಮೆಣಸಿನ ಗುಣ" ಎಂದರು. ಆಗಲೇ ತೋಟದಿಂದ ಬಂದ ನಮ್ಮವರು, ಮಾವ ಅಡುಗೆಮನೆಯಲ್ಲಿ ಉಣ್ಣುತ್ತಿರುವುದನ್ನು ಕಂಡು ಬಾಗಿಲಲ್ಲೇ ಕಲ್ಲಾಗಿ ನಿಂತರು. ಆಮೇಲೆ ಒಂದು ತುಂಡು ತಿಂದು, ಅಭ್ಯಾಸದಂತೆ "ಚೆನ್ನಾಗಿದೆ" ಎಂದು, ಮತ್ತೆ ಬೆಚ್ಚಿಬಿದ್ದು, "ಅಲ್ಲಾ, ನಿಜವಾಗ್ಲೂ ಚೆನ್ನಾಗಿದೆ!" ಎಂದರು.

ಹೊರಡುವಾಗ ಅಪ್ಪಾಜಿ ನನ್ನನ್ನು ಪಕ್ಕಕ್ಕೆ ಕರೆದು, "ಊಟ ಮಾಡಿದ್ದು ನಿಮ್ಮಮ್ಮಂಗೆ ನಾನೇ ಹೇಳ್ತೀನಿ. ಸೌಟು ಹಿಡಿದಿದ್ದು ಮಾತ್ರ ಬೇಡ" ಎಂದರು.

ಸಂಜೆ ಅಮ್ಮನ ಫೋನ್ ಬಂತು. ಧ್ವನಿ ಗಡುಸಾಗಿತ್ತು. "ನಿಜ ಹೇಳು. ನಿಮ್ಮಪ್ಪನ ಶರ್ಟು, ಪಂಚೆ, ಟವೆಲ್ಲು ಎಲ್ಲಾ ಅದೇ ವಾಸನೆ. ಈ ವಯಸ್ಸಲ್ಲಿ ಅವ್ರಿಗೆ ಏನು ತಿನ್ನಿಸಿ ಕಳಿಸ್ದೆ?"

ನಾನು ಬಾಯಿ ತೆರೆಯುವ ಮೊದಲೇ ಅವಳ ಹಿಂದಿನಿಂದ ಅಪ್ಪಾಜಿಯ ಕೂಗು ಕೇಳಿಸಿತು: "ಆಣೆಗೂ ತಿಂದಿಲ್ಲ ಕಣೇ! ಬರೀ ಹುರಿದೆ!"

ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಮಡಿ ಹೋಯಿತು, ಮನೆತನ ಹೋಯಿತು ಎಂದು ಅಮ್ಮ ಶುರು ಮಾಡುತ್ತಾಳೆ ಎಂದುಕೊಂಡೆ.

"ಹುರಿದ್ರಾ?" ಎಂದಳು ಅಮ್ಮ. "ನೀವಾ? ಒಲೆ ಮುಂದೆ ನಿಂತ್ಕೊಂಡು? ನಾನು ಈ ಮನೆಗೆ ಕಾಲಿಟ್ಟಾಗಿಂದ, ಜ್ವರ ಬಂದು ಮಲಗಿದ್ರೂ ಒಂದು ಲೋಟ ಕಾಫಿ ಕಾಸಿ ಕೊಟ್ಟೋರಲ್ಲ. ಬೀಗಿತ್ತಿಗೆ ಕೋಳಿ ಹುರಿದು ಕೊಟ್ಟು ಬಂದಿದೀರಾ!"

ಫೋನ್ ಕಟ್ಟಾಯಿತು. ಮರುದಿನ ಬೆಳಿಗ್ಗೆ ನಾನಿನ್ನೂ ಎದ್ದಿರಲಿಲ್ಲ, ಅಪ್ಪಾಜಿಯ ಕರೆ. ಕಾಫಿ ಬೆಳೆಯುವ ಜಿಲ್ಲೆಯಲ್ಲೇ ಹುಟ್ಟಿ ತಲೆ ನರೆಸಿಕೊಂಡ ಮನುಷ್ಯ, ಪಕ್ಕದಲ್ಲಿ ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದರು:

"ಮಗಾ, ಈ ಫಿಲ್ಟರಿಗೆ ನೀರು ಮೇಲಿಂದ ಹಾಕೋದಾ, ಕೆಳಗಿಂದಾ?"